ಹತ್ತು ಸೆಂಟಿಗೆ ಒಂದು ಹಾಳೆ

ಹತ್ತೊಂಬತ್ತು ಕಂಪ್ಯೂಟರು, ಪ್ರಿಂಟರು ಒಂದೇ.
ಕ್ರಿಸ್‌ಮಸ್ ರಜೆ ಮುಗಿಯುವುದರೊಳಗೆ
ಎಲ್ಲವನ್ನೂ ಅದಕ್ಕೆ ಗಂಟು ಹಾಕಬೇಕು ಅಂದಳು ಐಲಿ ಕಾಂಗಾಸ್,
ನಮ್ಮ ಲೈಬ್ರರಿಯ ಒಡತಿ, ಮಾತಿನಲ್ಲಿ ಜಿಪುಣಿ.
ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಸುಪೀರಿಯರ್ ಸರೋವರ ದಡದಿಂದ ಹೆಪ್ಪುಗಟ್ಟುತ್ತ ಹೋಗುತ್ತಿತ್ತು.
ನಾನು ಮೇಜಿನಡಿ ಅಂಗಾತ ಮಲಗಿ
ಯಾರ್‍ಯಾರೋ ಅಂಟಿಸಿಹೋದ ಚೂಯಿಂಗ್ ಗಮ್ಮಿನ
ನಕ್ಷತ್ರಮಂಡಲ ನೋಡುತ್ತ
ನೀಲಿ ತಂತಿ ಎಳೆದೆ.

ಒಂದೊಂದಕ್ಕೂ ವಿಳಾಸ ಕೊಟ್ಟೆ, ಡ್ರೈವರು ಕೊಟ್ಟೆ,
ಬೈಗುಳವನ್ನೂ ಕೊಟ್ಟೆ.
ಏಳನೆಯದು ಮಾತ್ರ ಹಟಮಾರಿ:
ಕಳಿಸಿದ ಪುಟವೆಲ್ಲ ಮೇಲಿನ ಮಹಡಿಯ ಲೆಕ್ಕಪತ್ರದ ಕೋಣೆಯಲ್ಲಿ
ಬೀಗದ ಹಿಂದೆ ಗರಗರ ಉದುರುವುದು
ಕಿವಿಗೆ ಬೀಳುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ.

ಅಪ್ಪ ಇದೇ ಊರಿನ ಕಾಗದದ ಗಿರಣಿಯಲ್ಲಿ
ಐದನೇ ಯಂತ್ರದ ಮುಂದೆ ಮೂವತ್ತೊಂದು ವರ್ಷ ನಿಂತವ.
ಓಡುವ ಕಾಗದ ಹರಿದರೆ ಗಂಟೆ ಬಾರಿಸುತ್ತಿದ್ದರಂತೆ,
ತಿನ್ನುವ ಬ್ರೆಡ್ಡು ಬಿಟ್ಟು ಧಾವಿಸುತ್ತಿದ್ದರಂತೆ.
ಹಾಳೆಗೆ ಹತ್ತು ಸೆಂಟು ಅಂದಾಗ
ನಕ್ಕ, ಕೆಮ್ಮಿದ, ಮತ್ತೆ ನಕ್ಕ.

ಜನವರಿ ಆರು. ಬಾಗಿಲು ತೆರೆದೆವು.
ಪರದೆಯ ಮೇಲೆ ಸರತಿ ಬೆಳೆಯಿತು:
ಅತಿಥಿ, ಅತಿಥಿ, ಅತಿಥಿ, ಅತಿಥಿ.
ಬಂದು ಕೂತವರಿಗೆಲ್ಲ ಒಂದೇ ಹೆಸರಿಟ್ಟ ಪೆದ್ದಿ ನಾನೇ.
ಯಾರ ಬಾಡಿಗೆ ಕರಾರು, ಯಾರ ಮೂಳೆಶಾಸ್ತ್ರ?
ನರ್ಸಿಂಗ್ ಓದುವವಳು ಕಾಸು ಹಾಕಿದರೆ
ಬೆಸುಗೆ ಕಲಿಯುವ ಹುಡುಗನ ಜಾಮೀನು ಕಾಗದ ಹೊರಬಂತು.
ಅವನು ಬಂದು ಇಸಿದುಕೊಂಡ, ಕಿವಿ ಕೆಂಪಗೆ.
ಏನೂ ಓದಿಲ್ಲವೆಂಬಂತೆ ಅವಳು ಕಿಟಕಿ ನೋಡಿದಳು.
ಮಧ್ಯಾಹ್ನದೊಳಗೆ ಎಲ್ಲರಿಗೂ ಅವರವರ ಗುಟ್ಟಿನ ಅಂಕೆ ಕೊಟ್ಟಾಯಿತು.

ಮುಚ್ಚುವ ಹೊತ್ತಿಗೆ ಬಂದವನು ಜೋಸಾಯಸ್ ಬಿಯರ್ಡಿ,
ಉತ್ತರದವನು, ರಸ್ತೆಯೇ ಇಲ್ಲದ ಊರಿನವನು,
ಐವತ್ತೆಂಟರಲ್ಲಿ ಮೇಷ್ಟರಾಗಲು ಕಲಿಯುತ್ತಿದ್ದವನು.
ನಾಲ್ಕು ಡೈಮು ಹಾಕಿದ. ನಾಲ್ಕು ಹಾಳೆ ಬಂದವು.
ಬರೀ ಚೌಕಗಳು.
ಸಾಲು ಸಾಲಾಗಿ ಖಾಲಿ ಚೌಕ,
ವಿಳಾಸ ಬರೆಯದೆ ಅಂಚೆಗೆ ಹಾಕಿದ ಪೆಟ್ಟಿಗೆಗಳ ಹಾಗೆ.
ಪರದೆಯ ಮೇಲೆ ಇವೆಯಲ್ಲ, ಅಂದ.
ಇದ್ದವು: ಮುಕ್ಕೋನ, ಕೊಕ್ಕೆ, ಬಾಗಿದ ಗೆರೆ, ಚುಕ್ಕೆ,
ಓಜಿ-ಕ್ರೀ ಮಾತಿನ ಲಿಪಿ.
ತಂತಿ ದಾಟುವಾಗ ಎಲ್ಲಿ ಬಿದ್ದುಹೋದವೋ.

ಪ್ರಿಂಟರಿಗೆ ಈ ಅಕ್ಷರ ಬರುವುದಿಲ್ಲ, ಅಂದೆ.
ನನ್ನ ಶಾಲೆಯವರಿಗೂ ಬರುತ್ತಿರಲಿಲ್ಲ, ಅಂದ,
ಸಿಟ್ಟಿಲ್ಲದೆ, ಕೈಗವಸು ಬಿಚ್ಚುತ್ತ.

ನಾನು ಸೆಟ್ಟಿಂಗು ತಡಕಾಡುವ ತನಕ
ಪಕ್ಕದಲ್ಲಿ ಕೂತು ಹೇಳಿದ:
ಮುಕ್ಕೋನ ಒಂದೇ. ಮೇಲೆ ನೋಡಿದರೆ ಇ,
ಎಡಕ್ಕೆ ತಿರುಗಿದರೆ ಅ, ಬಲಕ್ಕೆ ಹೊರಳಿದರೆ ಒ.
ಪಾಠ ಯಾವುದರದು?
ಬಲೆಯದು. ಮಂಜುಗಡ್ಡೆಯಡಿ ಬಲೆ ಬಿಡುವಾಗ ಬೇಕಾಗುವ ಮಾತು:
ಗಂಟಿಗೊಂದು, ಹಗ್ಗಕ್ಕೊಂದು, ಹರಿದ ಕಣ್ಣಿಗೊಂದು,
ಎರಡು ತೂತಿನ ನಡುವೆ ನೀರಿನಡಿ
ದಾರ ಒಯ್ಯುವ ಹಲಗೆಗೊಂದು.
ಅದೊಂದು ನನಗೂ ಮರೆತಿತ್ತು,
ಚಿಕ್ಕಮ್ಮನಿಗೆ ಫೋನು ಮಾಡಿ ಕೇಳಿದೆ.
ಅವಳು ಮೊದಲು ಮೀನಿನ ರೇಟು ಕೇಳಿದಳು.

ಒಂಬತ್ತೂ ಇಪ್ಪತ್ತಕ್ಕೆ ಸಿಕ್ಕಿತು,
ನಾಲ್ಕನೇ ಟ್ಯಾಬಿನ ತಳದಲ್ಲಿ ಒಂದು ಟಿಕ್ಕು:
ಅಕ್ಷರವನ್ನು ಅಕ್ಷರವೆಂದು ಕಳಿಸಬೇಡ,
ಚಿತ್ರವೆಂದು ಕಳಿಸು.
ಬೆಚ್ಚಗೆ ಬಂದವು.
ದೀಪಕ್ಕೆ ಹಿಡಿದು ನಿಧಾನ ಓದಿದ.
ಒಂದು ತಪ್ಪಿದೆ, ಅಂದ. ನನ್ನ ಎದೆ ಧಸಕ್ಕೆಂದಿತು.
ನನ್ನದೇ, ಅಂದು ಪೆನ್ನಿನಿಂದ ಚುಕ್ಕೆ ಇಟ್ಟ.

ಹಣ ವಾಪಸಿನ ಗುಂಡಿ ನಾನಿನ್ನೂ ಕೂಡಿಸಿರಲಿಲ್ಲ.
ಜೇಬಿನಿಂದ ನಾಲ್ಕು ಡೈಮು ತೆಗೆದು ಕೊಟ್ಟೆ.
ಮೂರು ಎಣಿಸಿಕೊಂಡು ಒಂದನ್ನು ಮೇಜಿನ ಮೇಲಿಟ್ಟ,
ಚೌಕಗಳದ್ದೊಂದು ಹಾಳೆ ಮಡಿಸಿ ಜೇಬಿಗೆ ಹಾಕಿದ.
ಹುಡುಗರಿಗೆ ತುಂಬಲು ಕೊಡುತ್ತೇನೆ, ಪರೀಕ್ಷೆಗೆ ಆಗುತ್ತೆ.

ಉಳಿದ ಮೂರನ್ನು ಐಲಿ ಕತ್ತರಿಸಿ
ಪುಸ್ತಕದ ನಂಬರು ಬರೆಯುವ ಚೀಟಿ ಮಾಡಿದಳು.
ಏಳನೆಯದು ಇನ್ನೂ ಮೇಲಿನ ಮಹಡಿಗೇ ಕಳಿಸುತ್ತಿದೆ.
ನಾಳೆ ನೋಡಬೇಕು.